ವಾಲ್ವ್ ಆರಿಸಿದ್ದು ನನ್ನ ಕಿವಿಯಲ್ಲ

ಆಂಪ್ಲಿಫೈಯರಿನ ವಾಲ್ವ್ ಒಡೆಯಬಹುದಿತ್ತು. ಗಾಜಿನ ಸಾಮಾನು, ಯಲ್ಲಾಪುರದಿಂದ ಸಿರ್ಸಿಗೆ ತರುವ ದಾರಿಯಲ್ಲಿ ಮಂಚಿಕೇರಿ ಹತ್ತಿರದ ಒಂದು ಹೊಂಡ ಸಾಕಿತ್ತು. ಕಲ್ಯಾಣಮಂಟಪದ ವೋಲ್ಟೇಜು ಏರಿ ಒಳಗಿನದೆಲ್ಲ ಸುಡಬಹುದಿತ್ತು. ಸ್ಪೀಕರಿನ ವೈರು ಸಿಕ್ಕಿಸದೆ ಸ್ವಿಚ್ ಹಾಕಿ ನಾನೇ ಅದನ್ನು ಸುಡಬಹುದಿತ್ತು. ಹಲ್ಲಿ ಹೊಗಬಹುದಿತ್ತು, ಬೂಷ್ಟು ಹಿಡಿಯಬಹುದಿತ್ತು, ಎತ್ತುವಾಗ ನನ್ನ ಸೊಂಟ ಹಿಡಿಯಬಹುದಿತ್ತು. ಒಳಗಿನ ಕಿತ್ತಳೆ ಬೆಳಕು ಕಂಡು ಮದುವೆಮನೆಯ ಯಾರೋ ಹಿರಿಯರು ಬೆಂಕಿ ಬಿತ್ತೆಂದು ಅದರ ಮೇಲೆ ಒಂದು ಕೊಡ ನೀರು ಹೊಯ್ಯಬಹುದಿತ್ತು — ಇದನ್ನು ನಾನು ಕನಸಿನಲ್ಲೂ ಕಂಡಿದ್ದೇನೆ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಸಿಕ್ಕಿಬೀಳಬಹುದಿತ್ತು.

ಯಾಕೆಂದರೆ ಆ ಆಂಪ್ಲಿಫೈಯರನ್ನು ಆರಿಸಿದ್ದು ನನ್ನ ಕಿವಿಯಲ್ಲ. ನನ್ನ ಕನ್ನಡಕ.

ನಾನು ಸಿರ್ಸಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಬಿಡುವಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ — ಹಾಡಿನ ತಳದ ಸ್ವರ ಹಿಡಿಯುವ, ಇದ್ದಾಗ ಯಾರೂ ಗಮನಿಸದ, ನಿಂತಾಗ ಮಾತ್ರ ಏನೋ ಕಡಿಮೆಯಾಯಿತು ಅನ್ನಿಸುವ ವಾದ್ಯ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಮೂವರ ತಂಡದಲ್ಲಿ ಡ್ರಮ್ಸ್ ಇಮ್ತಿಯಾಜನದು; ಅವನ ಮನೆಯವರದು ಲಾರಿ ವ್ಯವಹಾರ, ಹಾಗಾಗಿ ನಮ್ಮ ಸಾಮಾನು ಸಾಗಿಸುವ ಚಿಂತೆಯಿಲ್ಲ. ಹಾಡುವವಳು ಭಾರತಿ. ಹೇರೂರಿನ ಕಡೆಯವಳು, ಪೇಟೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅವಳದು ಕೆಳಗಿನ ದನಿ, ತುಸು ಒರಟು. ಸಿದ್ದಾಪುರ, ಯಲ್ಲಾಪುರಗಳ ಆರತಕ್ಷತೆಗಳಲ್ಲಿ ಊಟದ ಎಲೆ ಬಿಟ್ಟು ಜನ ತಲೆಯೆತ್ತಿ ನೋಡುತ್ತಿದ್ದುದು ಆ ದನಿಗೆ. ನಮ್ಮಿಬ್ಬರಿಗಲ್ಲ.

ಏಳೆಂಟು ವರ್ಷದ ಹಿಂದೆ ನಮ್ಮ ಹಳೆಯ ಆಂಪ್ಲಿಫೈಯರ್ ಕೈಕೊಟ್ಟಿತು. ಆಗ ನನಗೆ ವಾಲ್ವಿನ ಹುಚ್ಚು ಹಿಡಿಯಿತು. ಸ್ಪೀಕರ್ ಡಬ್ಬಿಯ ಮೇಲೆ ಕೂತು ಸದ್ದಿಗೆ ಬಲ ಕೊಡುವ ಪೆಟ್ಟಿಗೆಗೆ ಹೆಡ್ ಎನ್ನುತ್ತಾರೆ. ವಾಲ್ವಿಲ್ಲದ ಹಗುರದ್ದೂ ಸಿಗುತ್ತದೆ, ಹಳೇ ರೇಡಿಯೋದಂತೆ ಗಾಜಿನ ವಾಲ್ವ್ ಇರುವ ಭಾರದ್ದೂ ಸಿಗುತ್ತದೆ. ತಿಂಗಳುಗಟ್ಟಲೆ ಮೊಬೈಲಿನಲ್ಲಿ ವಾಲ್ವಿನದೇ ವಿಡಿಯೋ ನೋಡಿದೆ. ಗಿರಾಕಿ ಬೋರ್ಡಿನ ಅಕ್ಷರ ಓದುತ್ತಿದ್ದರೆ ನಾನು ಕೌಂಟರಿನ ಕೆಳಗೆ ಮೊಬೈಲಿನ ಚಿತ್ರ ನೋಡುತ್ತಿದ್ದೆ. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ: ನನ್ನನ್ನು ಬೆನ್ನು ಹಾಕಿ ಕೂರಿಸಿ, ವಾಲ್ವ್ ಯಾವುದೆಂದು ಒಂದೇ ಸ್ವರಕ್ಕೆ ಗುರುತಿಸುತ್ತೇನೆ.

ಯಲ್ಲಾಪುರದ ಸೌಂಡ್ ಅಂಗಡಿಯೊಂದರಲ್ಲಿ ಎರಡೂ ಇವೆ ಎಂದು ಗೊತ್ತಾದ ದಿನ — ನಾನು ಸುಳ್ಳು ಹೇಳುವುದಿಲ್ಲ, ಈ ವಿಷಯದಲ್ಲಾದರೂ — ಮದುವೆಗೆ ಹೆಣ್ಣು ನೋಡಲು ಹೊರಟಾಗಲೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಮೂವರೂ ಹೋದೆವು. ಅಂಗಡಿಯವನು ವಾಲ್ವ್ ಹೆಡ್ಡಿನ ಸ್ವಿಚ್ ಹಾಕಿದ. ಮೊದಲು ಏನೂ ಇಲ್ಲ. ಆಮೇಲೆ ಜಾಲರಿಯ ಹಿಂದೆ ಒಂದೊಂದೇ ವಾಲ್ವ್ ಕಿತ್ತಳೆ ಬಣ್ಣಕ್ಕೆ ತಿರುಗಿತು.

"ಅರೆ ಭಟ್ರೆ, ಇದೆಂತ ಆಂಪ್ಲಿಫೈಯರಾ, ಒಲೆಯಾ?" ಎಂದ ಇಮ್ತಿಯಾಜ್. "ಕಾಯೋ ತನಕ ಚಾ ಇಡಬೌದು."

ನಾನು ತಂತಿ ಮೀಟಿದೆ. ಸದ್ದು ಕಿವಿಗೆ ಬರುವ ಮೊದಲೇ ಕಾಲಿನ ಕೆಳಗಿನಿಂದ ಹತ್ತಿತು. ದಪ್ಪಗೆ, ಬೆಚ್ಚಗೆ, ತುದಿಯಲ್ಲಿ ತುಸು ಹರಿದಂತೆ. ಬರೆಯುವಾಗ ಈಗಲೂ ರೋಮ ಏಳುತ್ತಿದೆ. ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಆದರೆ ಇಮ್ತಿಯಾಜ್ ಬಿಡಬೇಕಲ್ಲ.

"ಬೆನ್ನು ಹಾಕಿ ಕೂತ್ಕಳಿ. ಊರೆಲ್ಲ ಹೇಳಿದ್ರಿ, ಈಗ ತೋರ್ಸಿ. ಎರಡಕ್ಕೂ ಒಂದೇ ಸ್ಪೀಕರ್, ಎರಡೂ ಸಲ ಸ್ವಿಚ್ ಟಕ್ ಅನ್ನಿಸ್ತೆ — ಮೋಸ ಬ್ಯಾಡ. ಭಾರತಕ್ಕ, ನೀವೂ ಕಣ್ಮುಚ್ಚಿ. ಹಾಡ್ತಾ ಹಾಡ್ತಾ ಯಾವುದು ಚಲೋ ಹೇಳಿ."

ನಾನು ಗಿಟಾರ್ ಹಿಡಿದು ಬಾಗಿಲ ಕಡೆ ಮುಖ ಮಾಡಿ ಕೂತೆ. ಭಾರತಿ ಕಣ್ಣು ಮುಚ್ಚಿದಳು, ಪ್ರಾಮಾಣಿಕವಾಗಿ. ಆಗಲೇ ಅದು ಕಂಡಿತು — ನನ್ನ ಕನ್ನಡಕದ ಗಾಜಿನ ಒಳಮೈಯಲ್ಲಿ, ಕಿವಿಯ ಬದಿಯ ಅಂಚಿನಲ್ಲಿ, ಬೆನ್ನ ಹಿಂದಿನ ಕಿತ್ತಳೆ ಬೆಳಕು. ಗಾಜಿಗೆ ಲೇಪನ ಇಲ್ಲದಿದ್ದರೆ ಹೀಗೆ ಹಿಂದಿನದು ಮುಂದೆ ಕಾಣುತ್ತದೆ. ಬಂದ ಗಿರಾಕಿಗೆಲ್ಲ ಇದನ್ನೇ ಹೇಳಿ ಲೇಪನದ ಗಾಜು ಮಾರುವ ನಾನು, ನನ್ನದಕ್ಕೆ ಹಾಕಿಸಿಕೊಂಡಿರಲಿಲ್ಲ. ಇಮ್ತಿಯಾಜ್ ಮೊದಲ ಸಲ ಸ್ವಿಚ್ ಒತ್ತಲು ಆ ಬೆಳಕಿಗೆ ಅಡ್ಡ ಬಗ್ಗಿದ. ಎರಡನೆಯ ಸಲ ಆಚೆ ಸರಿದ. ಅಂದರೆ ಮೊದಲನೆಯದೇ ವಾಲ್ವ್.

ಕನ್ನಡಕ ತೆಗೆದಿಡಬಹುದಿತ್ತು. ಎರಡು ಬೆರಳಿನ ಕೆಲಸ. ತೆಗೆಯಲಿಲ್ಲ.

ಇನ್ನೂ ಒಂದು ಇದೆ, ಅದನ್ನೂ ಹೇಳಿಬಿಡಬೇಕು. ಎರಡನೆಯದರಲ್ಲಿ ಭಾರತಿಯ ದನಿ ಕೇಳಿಸಿತು. ಮೊದಲನೆಯದರಲ್ಲಿ ನನ್ನ ದಪ್ಪ ಸದ್ದು ಅವಳ ಕೆಳಗಿನ ಸ್ವರಗಳ ಮೇಲೆ ಕಂಬಳಿಯಂತೆ ಬಿದ್ದಿತ್ತು. ನನ್ನ ಕಿವಿಗೆ ಅದು ಗೊತ್ತಾಯಿತು. ಕಿವಿ ಅಷ್ಟೇನೂ ಕೆಟ್ಟದ್ದಲ್ಲ — ಅದರ ಮಾತು ನಾನು ಕೇಳಲಿಲ್ಲ, ಅಷ್ಟೆ.

ಭಾರತಿ ಕಣ್ಣು ಬಿಟ್ಟು, ತನ್ನ ಹಾಡು ತನಗೆ ಕೇಳಿಸಿದ್ದನ್ನೇ ಹಿಡಿದು ಹೇಳಿದಳು: "ಎಂಗೆ ಎರಡನೇದೇ ಚೊಲೋ ಕಾಣ್ತು. ಅದ್ರಲ್ಲಿ ಆನು ಹಾಡಿದ್ದು ಎಂಗೆ ಕೇಳ್ತು."

"ವಾಲ್ವ್ ಮೊದಲನೆಯದು. ಅದೇ ಚೊಲೋ" ಎಂದೆ ನಾನು, ತಿರುಗದೆಯೇ.

"ಯಾ ಅಲ್ಲಾ, ಕರೆಕ್ಟ್ ಹೇಳಿದ್ರಲ್ಲಾ" ಎಂದು ಇಮ್ತಿಯಾಜ್ ನನ್ನ ಬೆನ್ನಿಗೆ ಗುದ್ದಿದ. ಅಂಗಡಿಯವನೂ ತಲೆದೂಗಿದ. ಆ ಉಬ್ಬಿನಲ್ಲಿ ಭಾರತಿಯ ಕಡೆ ತಿರುಗಿ ನಾನಂದ ಮಾತು — "ಅದು ನಿಂಗೆ ಗೊತ್ತಾಗ್ತಿಲ್ಲೆ ಭಾರತಿ. ಕಿವಿ ಪಳಗವು." ಪಳಗಬೇಕಾದ್ದು ಅವಳ ಕಿವಿಯಂತೆ!

ಅವಳು ವಾದಿಸಲಿಲ್ಲ. "ಇರ್ಲಕ್ಕು ಮಾರಾಯ" ಎಂದು ಒಪ್ಪಿಕೊಂಡಳು, ನಗುತ್ತಲೇ. ವಾಲ್ವ್ ಹೆಡ್ಡನ್ನೇ ನಾವು ಹೊತ್ತುಕೊಂಡು ಬಂದೆವು.

ಅಂದಿನಿಂದ ನಾನು ಕಿವಿಯ ಮನುಷ್ಯ. ಮಂಟಪದಲ್ಲಿ ಮೈಕಿನವರು ನನ್ನನ್ನು ಕೇಳುತ್ತಾರೆ. ಸುಖವೂ ಉಂಡಿದ್ದೇನೆ, ಇಲ್ಲವೆನ್ನಲಾರೆ — ಆ ಕಿತ್ತಳೆ ಬೆಳಕು ಹತ್ತಿದ ಪ್ರತಿ ಸಂಜೆ ನನಗೆ ಹಬ್ಬವೇ ಆಗಿತ್ತು. ಭಾರತಿ ಮಾತ್ರ ಹಾಡುಗಳನ್ನು ಸ್ವಲ್ಪ ಸ್ವಲ್ಪವೇ ಮೇಲಿನ ಶ್ರುತಿಗೆ ಏರಿಸಿಕೊಂಡಳು. ಯಾಕೆಂದು ಕೇಳಿದ್ದಕ್ಕೆ, "ಕೆಳಗೆ ಜಾಗ ಇಲ್ಲೆ" ಎಂದಳು. ನಾನು ತಮಾಷೆ ಎಂದುಕೊಂಡೆ — ಇಲ್ಲ, ಹಾಗೆ ಅಂದುಕೊಂಡಂತೆ ನಟಿಸಿದೆ.

ಈಗ ವಾಲ್ವುಗಳು ಮುದಿಯಾಗಿವೆ. ಹೊಸ ವಾಲ್ವ್ ಹಾಕಿಸುವುದೋ, ಬೇರೆ ಹೆಡ್ಡೇ ತರುವುದೋ? ಭಾನುವಾರ ಮೂವರೂ ಮತ್ತೆ ಯಲ್ಲಾಪುರಕ್ಕೆ ಹೊರಟಿದ್ದೇವೆ. ಎದೆ ಮತ್ತೆ ಹಾಗೇ ಹೊಡೆದುಕೊಳ್ಳುತ್ತಿದೆ; ಐವತ್ತು ದಾಟಿದರೂ ನಾಚಿಕೆಯಿಲ್ಲ. ಆದರೆ ಈ ಸಲ ಸೋಂದಾ ದಾಟುವುದರೊಳಗೆ, ವ್ಯಾನಿನಲ್ಲೇ, ಇಲ್ಲಿ ಬರೆದದ್ದನ್ನೆಲ್ಲ ಭಾರತಿಗೆ ಹೇಳುತ್ತೇನೆ. ಇಮ್ತಿಯಾಜನಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಅಂಗಡಿಯಲ್ಲಿ ನನ್ನ ಕನ್ನಡಕ ಅವನ ಜೇಬಿನಲ್ಲಿರುತ್ತದೆ. ಆರಿಸುವವಳು ಭಾರತಿ. ಅವಳು ಕ್ಷಮಿಸಬೇಕೆಂದು ಹೇಳುತ್ತಿಲ್ಲ. ವ್ಯಾನಿನಿಂದ ಇಳಿದು ಹೋದರೂ ಅದು ಅವಳ ಇಷ್ಟ.

ನಾನು ಹೆದರಿದ್ದು ಒಂದೂ ಆಗಲಿಲ್ಲ. ವಾಲ್ವ್ ಒಡೆಯಲಿಲ್ಲ, ಹಲ್ಲಿ ಹೊಗಲಿಲ್ಲ, ಯಾರೂ ನೀರು ಹೊಯ್ಯಲಿಲ್ಲ, ನಾನು ಸಿಕ್ಕಿಬೀಳಲಿಲ್ಲ. ಆದದ್ದು ಇಷ್ಟೇ. ಹಾಡು ಮುಗಿದೊಡನೆ ತನ್ನಷ್ಟಕ್ಕೆ "ಚೊಲೋ ಆತು" ಎಂದೋ "ಹಾಳಾತು" ಎಂದೋ ಹೇಳಿಕೊಳ್ಳುತ್ತಿದ್ದ ಭಾರತಿ, ಈಗ ಮೊದಲು ನನ್ನ ಮುಖ ನೋಡುತ್ತಾಳೆ.