ಮಧ್ಯಾಹ್ನದ ಕಲ್ಲು

ಬಜಪೆಯಲ್ಲಿ ಇದಿನಬ್ಬರನ್ನು ಎಲ್ಲರೂ ಕರೆಯುವುದು ಮಸ್ಕತ್ತಿನ ಇದಿನಬ್ಬ ಎಂದು. ಮಸ್ಕತ್ತನ್ನು ಅವರು ಸರಿಯಾಗಿ ನೋಡಿದ್ದು ವಿಮಾನದ ಕಿಟಕಿಯಿಂದಲೇ. ಮೂವತ್ತೊಂದು ವರ್ಷ ಅವರು ಬದುಕಿದ್ದು ಒಮಾನದ ಇಬ್ರಿ ಪಟ್ಟಣದಿಂದಲೂ ಒಂದೂವರೆ ಗಂಟೆ ಆಚೆ, ಬೆಟ್ಟದ ಮಗ್ಗುಲಿನ ಸಿದ್ರ ಎಂಬ ಮಣ್ಣಿನ ಊರಿನಲ್ಲಿ. ಅಲ್ಲಿ ಅವರು ಅಂಗಡಿಯ ಹಿಂದಿ, ಅಂದರೆ ಇಂಡಿಯಾದವನು. ಹೀಗೆ ಅಲ್ಲಿಯವರಿಗೆ ಇಲ್ಲಿನವನಾಗಿ, ಇಲ್ಲಿಯವರಿಗೆ ಅಲ್ಲಿನವನಾಗಿ ಅರವತ್ತೈದು ತುಂಬಿತು. ವೀಸಾ ಮುಗಿಯಿತು. ಶುಕ್ರವಾರಕ್ಕೆ ಟಿಕೆಟ್ಟು.

ಹದಿನಾಲ್ಕು ವರ್ಷದ ಹಿಂದೆಯೇ ಸಿದ್ರದವರೆಲ್ಲ ಕೆಳಗೆ ರಸ್ತೆಯ ಬದಿಗೆ ಕಾಂಕ್ರೀಟು ಮನೆ ಕಟ್ಟಿಕೊಂಡು ಇಳಿದುಹೋಗಿದ್ದರು. ಮೇಲೆ ಉಳಿದದ್ದು ಖರ್ಜೂರದ ತೋಟ, ಬೆಟ್ಟದೊಳಗಿಂದ ಹರಿದು ಬರುವ ಫಲಜ್ ಎಂಬ ಕಾಲುವೆ, ಕುಸಿಯುವ ಗೋಡೆಗಳು ಮತ್ತು ಇದಿನಬ್ಬ. ತೋಟಕ್ಕೆ ಬರುವವರಿಗೆ ನೀರಿನ ಬಾಟಲಿ, ಬಿಸ್ಕತ್ತು ಮಾರಿಕೊಂಡು ಅಂಗಡಿಯ ಹಿಂದಿನ ಕೋಣೆಯಲ್ಲೇ ಅವರು ಇದ್ದುಬಿಟ್ಟರು. ಕೆಳಗೆ ಬಾ ಎಂದು ಯಾರೂ ಕರೆಯಲಿಲ್ಲವೆಂದಲ್ಲ, ಅವರಿಗೇ ಮನಸ್ಸಾಗಲಿಲ್ಲ. ಕೋಣೆಯ ಹಿಂದೆ ಒಂದು ಲಿಂಬೆ ಮರವಿತ್ತು. ಬಟ್ಟಲು ತೊಳೆದ ನೀರಿನಲ್ಲೇ ಮರ ಬೆಳೆಸಿದವ ನಾನು ಎಂದು ಅವರು ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಒಮಾನದ ಬಿಸಿಲಿಗೆ ಬಟ್ಟಲ ನೀರು ಎಲ್ಲಿ ಸಾಕು ಎಂದು ಯಾರೂ ಕೇಳಿರಲಿಲ್ಲ.

ಈಗ ಊರನ್ನು ಪಾರಂಪರಿಕ ತಾಣ ಮಾಡುವ ಕೆಲಸ ಶುರುವಾಗಿತ್ತು. ಅದರ ಎಂಜಿನಿಯರು ಆಶಿತಾ, ಮೈಸೂರಿನ ಹುಡುಗಿ, ಮಸ್ಕತ್ತಿನ ಪಕ್ಕದ ಸೀಬಿನಲ್ಲಿ ಮನೆ. ಊರ ಬಾಗಿಲಲ್ಲಿ ಅವಳು ನಿಲ್ಲಿಸಿದ ಫಲಕವನ್ನು ಇದಿನಬ್ಬ ಎರಡು ಸಲ ಓದಿಸಿಕೊಂಡರು. ಹದಿನಾಲ್ಕು ವರ್ಷದಿಂದ ಇಲ್ಲಿ ಯಾರೂ ವಾಸವಿಲ್ಲ ಎಂದಿತ್ತು. ಹಾಗಾದರೆ ನಾನು ಯಾರು ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡರು. ಆ ಮಾತು ಮಾತ್ರ ಎದೆಯಲ್ಲೇ ಕೂತಿತು. ಒಂದು ಜನ್ಮ ಕಳೆದ ಊರಿನಲ್ಲಿ ತಾನು ಲೆಕ್ಕಕ್ಕೇ ಇಲ್ಲವೇ ಎಂಬ ನೋವು ಅದು.

ವೀಸಾ ಕೆಲಸಕ್ಕೆ ಇಬ್ರಿಗೆ ಹೋಗಿ ಎರಡು ದಿನ ಬಿಟ್ಟು ಬಂದರೆ, ಅಂಗಡಿಯ ಎದುರಿನ ಅಂಗಳ ಮದುವೆ ಚಪ್ಪರ ಹಾಕುವ ಜಾಗದಂತೆ ನುಣ್ಣಗಾಗಿತ್ತು. ನಡುವೆ ಒಂದು ಕೋಲು ಮಾತ್ರ ನಿಂತಿತ್ತು. ಅದರ ಸುತ್ತ ನೆಟ್ಟಿದ್ದ ಕಲ್ಲುಗಳನ್ನು ಕೆಲಸದವರು ಕಿತ್ತು ಗೋಡೆಯ ಬುಡಕ್ಕೆ ರಾಶಿ ಹಾಕಿದ್ದರು. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುವುದು ಇದಕ್ಕೇ.

"ಅದು ಕಸದ ಕಲ್ಲಲ್ಲ ಮಾರಾಯ್ತಿ. ಊರಿನ ಗಡಿಯಾರ ಅದು," ಎಂದರು ಇದಿನಬ್ಬ ಆಶಿತಾಳಿಗೆ.

ಕೋಲಿನ ನೆರಳು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿಯುವಷ್ಟು ಹೊತ್ತು ಒಬ್ಬರ ತೋಟಕ್ಕೆ ಕಾಲುವೆಯ ನೀರು. ಕಲ್ಲಿಗೊಂದು ಹೆಸರು, ಹೆಸರಿಗೊಂದು ಪಾಲು. ಜನ ಕೆಳಗಿಳಿದ ಮೇಲೆ ಮೊಬೈಲ್ ನೋಡಿ ನೀರು ಬಿಡುವುದಾಯಿತು, ಕಲ್ಲು ಮರೆತುಹೋಯಿತು. ಇದನ್ನೆಲ್ಲ ಕೇಳಿದ ಆಶಿತಾ ಮೊದಲು ಸಾರಿ ಎಂದಳು, ಆಮೇಲೆ ಸರಿಪಡಿಸುವುದು ಹೇಗೆ ಎಂದಳು. ಇದಿನಬ್ಬರಿಗೆ ಸಿಟ್ಟು ಅಲ್ಲಿಗೇ ಇಳಿಯಿತು.

ನೀರಿನ ಪಾಲು ನೋಡಿಕೊಳ್ಳುತ್ತಿದ್ದ ಹಿರಿಯ ಸಾಲಿಮರನ್ನು ಗುರುವಾರ ಬೆಳಿಗ್ಗೆ ಕೆಳಗಿನಿಂದ ಕರೆತಂದು ನೆರಳಿನಲ್ಲಿ ಕೂರಿಸಿದರು. ಅವರ ಕಣ್ಣು ಹೋಗಿ ಐದು ವರ್ಷ. ಹೆಸರುಗಳ ಸಾಲು ಬಾಯಲ್ಲಿತ್ತು, ಜಾಗ ತೋರಿಸಲಾರರು. ಜಾಗ ಗೊತ್ತಿದ್ದದ್ದು ಅಂಗಡಿಯ ಹೊಸ್ತಿಲಲ್ಲಿ ಕೂತು ಗಿರಾಕಿ ಕಾದವನಿಗೆ.

ಸಾಲಿಂ ಒಂದೊಂದೇ ಹೆಸರು ಹೇಳಿದರು, ಇದಿನಬ್ಬ ಕಲ್ಲು ಇಟ್ಟರು. ಝುವೈನಾಳ ಸರದಿ ಎಂದರೆ ನೆರಳು ಮೆಟ್ಟಿಲು ಬಿಟ್ಟಿರುತ್ತಿತ್ತು, ಕಾಲುವೆಯ ಮಡೆ ತಿರುಗಿಸಿ ತನ್ನ ತೋಟಕ್ಕೆ ನೀರು ಬಿಟ್ಟು ಬಂದು ಬೆಂಕಿಪೆಟ್ಟಿಗೆ ಕೇಳುತ್ತಿದ್ದಳು. ನಾಸಿರ್ ಬರುವಾಗ ನೆರಳು ಬಾವಿಕಟ್ಟೆಗೆ ನೇರ, ಅವನಿಗೆ ಯಾವಾಗಲೂ ಹಾಲಿನ ಪುಡಿ, ಯಾವಾಗಲೂ ಅವಸರ. ಕಲ್ಲು ಇಡುತ್ತಾ ಹೋದಂತೆ ಸತ್ತವರೂ ಇಳಿದುಹೋದವರೂ ಅಂಗಳಕ್ಕೆ ವಾಪಸ್ ಬಂದರು. ಇವರೆಲ್ಲ ಇಲ್ಲೇ ಇರಬಾರದಿತ್ತೇ ಎನ್ನಿಸಿತು ಇದಿನಬ್ಬರಿಗೆ. ಹನ್ನೊಂದು ಕಲ್ಲು ಸಲೀಸಾಗಿ ಕೂತವು.

ಹನ್ನೆರಡನೆಯದಕ್ಕೆ ಅವರು ತಡೆದು ನಿಂತರು. ನೆರಳು ಕುಗ್ಗಿ ಕೋಲಿನ ಬುಡಕ್ಕೆ ಬಂದಿತ್ತು. ಈ ಹೊತ್ತಿನ ಅಂಗಳವನ್ನು ಅವರು ಕಂಡೇ ಇರಲಿಲ್ಲ. ಬೇಗ ಊಟ ಮುಗಿಸಿ ಬಾಗಿಲೆಳೆದು ಮಲಗುವ ಹೊತ್ತದು. ಈ ಕಲ್ಲು ಮಾತ್ರ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡರು.

ಸಾಲಿಂ ನಕ್ಕರು. ನಿನಗೆ ಹೇಗೆ ಗೊತ್ತಿರಬೇಕು, ಮಲಗಿರುತ್ತಿದ್ದೆಯಲ್ಲ ಎಂದರು. ಆಮೇಲೆ ಉಳಿದ ಹೆಸರುಗಳನ್ನು ಹೇಳಿದ ದನಿಯಲ್ಲೇ ಹೇಳಿದರು, "ಹನ್ನೆರಡನೆಯದು ಇದಿನಬ್ಬನದು."

ಲಿಂಬೆ ಗಿಡ ನೆಟ್ಟ ವರ್ಷವೇ ಊರವರು ಕೂತು ಮಾತಾಡಿ ಅರ್ಧ ಪಾಲು ಅದಕ್ಕೆ ಬಿಟ್ಟಿದ್ದರಂತೆ. ಬಟ್ಟಲ ನೀರೆಂದು ಇವನು ಹೆಮ್ಮೆ ಪಡುವುದನ್ನು ಕೆಡಿಸುವುದೇಕೆಂದು ಯಾರೂ ಬಾಯಿಬಿಡಲಿಲ್ಲ. ಕೆಳಗಿಳಿದ ಮೇಲೂ ಪಾಲು ತಪ್ಪಲಿಲ್ಲ, ತೋಟಕ್ಕೆ ಬಂದವರು ಯಾರಾದರೂ ಮಡೆ ತಿರುಗಿಸಿಯೇ ಹೋಗುತ್ತಿದ್ದರು. ಇದಿನಬ್ಬ ಕೈಯಲ್ಲಿ ಕಲ್ಲು ಹಿಡಿದು ನೆರಳು ಎಲ್ಲಿತ್ತೋ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಎದ್ದಾಗ ಕಲ್ಲು ನೆಲದಲ್ಲಿತ್ತು. ಆಶಿತಾ ಫಲಕದ ಕಡೆ ಒಮ್ಮೆ ನೋಡಿದಳು, ಪುಸ್ತಕದಲ್ಲಿ ಏನೋ ಹೊಡೆದುಹಾಕಿ ಬರೆದುಕೊಂಡಳು.

ಸಾಲಿಮರ ಕೆಲಸ ಇನ್ನೂ ಮುಗಿದಿರಲಿಲ್ಲ. ಊರು ಬಿಡುವವನು ತನ್ನ ನೀರನ್ನು ಯಾರಿಗೆ ಬಿಟ್ಟೆನೆಂದು ಬಾಯಿಬಿಟ್ಟು ಹೇಳಿ ಹೋಗಬೇಕು. ಅದು ಸಿದ್ರದ ಪದ್ಧತಿ. ಕೆಳಗಿಳಿಯುವಾಗ ಝುವೈನಾ ಹೇಳಿದ್ದಳು, ನಾಸಿರ್ ಹೇಳಿದ್ದ. ಈಗ ನಿನ್ನ ಸರದಿ ಎಂದರು ಸಾಲಿಂ.

ನಾಳೆ ಈ ಹೊತ್ತಿಗೆ ತಾನು ವಿಮಾನದಲ್ಲಿರುತ್ತೇನೆ ಎಂದು ಇದಿನಬ್ಬರಿಗೆ ಮೊದಲ ಸಲ ನಿಜವಾಗಿ ತಿಳಿಯಿತು. ಹೋಗಲು ಮನಸ್ಸಿಲ್ಲ ಎಂಬುದೂ ಆಗಲೇ ತಿಳಿಯಿತು. ಹಿಂದಿನ ಕೋಣೆಯ ಬಾಗಿಲು ಎಂದಿನಂತೆ ಎಳೆದಿತ್ತು.

"ಮರಕ್ಕೇ ಬಿಡಿ," ಎಂದರು. "ನಾನು ಒಳಗೆ ಮಲಗಿದ್ದೇನೆ ಅಂತ ಎಣಿಸಿ."