ಓ ನೆಗೆಟಿವ್ ಡ್ರಾಯರಿನಲ್ಲಿ ತಪ್ಪಿಹೋದ ಫಕೀರಪ್ಪ

ಎಪ್ಪತ್ತರ ದಶಕದ ಕೊನೆಗೆ ನಾನು ರಾಯಚೂರಿನ ಒಂದು ಆಸ್ಪತ್ರೆಯ ರಕ್ತ ವಿಭಾಗದಲ್ಲಿ ಆಯಾ ಆಗಿದ್ದೆ. ಓದಿದ್ದು ನಾಲ್ಕನೇ ಇಯತ್ತೆ. ಹೆಸರು ಓದಲು ಅಷ್ಟು ಸಾಕು.

ರಕ್ತ ಕೊಡುವವರ ಕಾರ್ಡುಗಳು ನಂಬರಿನ ಪ್ರಕಾರ ಕಪಾಟಿನಲ್ಲಿದ್ದವು. ಒಂದು ಗುಂಪಿನವರು ಬೇಕೆಂದರೆ ಕಪಾಟೆಲ್ಲ ಕೆದಕಬೇಕು. ಅದಕ್ಕೇ ಗುಂಪಿಗೊಂದು ಡ್ರಾಯರು. ಅದರಲ್ಲಿ ಅಕ್ಷರದ ಸಾಲಿಗೆ ಸಣ್ಣ ಚೀಟಿಗಳು: ಹೆಸರು, ಕಾರ್ಡಿನ ನಂಬರು, ಇಷ್ಟೇ.

ಒಂದು ಬೆಳಿಗ್ಗೆ ದೇವದುರ್ಗದ ಯಲ್ಲಮ್ಮ ಬಂದಳು. ಹೆರಿಗೆಯಾಗಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಓ ನೆಗೆಟಿವ್ ಬೇಕು. ಇದ್ದದ್ದು ಒಂದೇ ಜೀಪು, ಒಂದು ಸುತ್ತಿಗೆ ಐದು ಮನೆ. ಹಾಗಾಗಿ ಚೀಟಿಯನ್ನೂ ಐದೈದೇ ತೆಗೆದೆವು.

ಮೊದಲ ಐದರಲ್ಲಿ ಇಬ್ಬರು ಬಂದು ಕೊಟ್ಟರು. ಐದರಲ್ಲಿ ಕೊನೆಯ ಚೀಟಿ ಪಾರ್ವತಮ್ಮನದು; ಕೊಟ್ಟವರಲ್ಲಿ ಅವಳೂ ಒಬ್ಬಳು. ಕೊಟ್ಟವರನ್ನು ಮೂರು ತಿಂಗಳು ಕರೆಯುವಂತಿಲ್ಲ. ಅವರ ಚೀಟಿ ಕೂಡಲೇ ಬೇರೆ ಡಬ್ಬಿಗೆ ಹಾಕಿ, ಉಳಿದ ಮೂರನ್ನು ಡ್ರಾಯರಿನಲ್ಲಿ ಅವುಗಳ ಜಾಗಕ್ಕೇ ಇಟ್ಟೆವು. ಡಾಕ್ಟರು ಇನ್ನೂ ಎರಡು ಬಾಟಲಿ ಕೇಳಿದರು. ಗುಮಾಸ್ತ ಖಾಸಿಂ ಸಾಹೇಬರು, ಐವರನ್ನು ಕರೆದಾಯಿತೆಂದು, ಡ್ರಾಯರಿನಲ್ಲಿ ಐದು ಎಣಿಸಿ ಬಿಟ್ಟು, ಆರನೆಯದರಿಂದ ತೆಗೆದುಕೊಟ್ಟರು.

ಯಲ್ಲಮ್ಮನ ಅತ್ತೆ ಬಾಗಿಲಲ್ಲಿ ನಿಂತು ಚೀರಿದಳು: "ಯವ್ವಾ, ನೀವಿಲ್ಲಿ ಚೀಟಿ ಆಡಾಕತ್ತೀರಿ, ಅಲ್ಲಿ ನನ್ನ ಸೊಸಿ ಜೀವ ಹೊಂಟದ!"

ಎರಡನೇ ಸುತ್ತಿನಲ್ಲಿ ಒಬ್ಬನಿಗೆ ಕಾಮಾಲೆ, ಒಬ್ಬ ಮಾನ್ವಿಗೆ ಹೋಗಿದ್ದ, ಉಳಿದವರ ಮನೆಗೆ ಬೀಗ. ಆದರೂ ಜೀಪಿನಿಂದ ಒಬ್ಬ ಜಿಗಿದ. ಗಂಜ್ ಮಾರುಕಟ್ಟೆಯ ಹಮಾಲ ಫಕೀರಪ್ಪ. ದಾರಿಯಲ್ಲಿ ಜೀಪು ಕಂಡು ತಾನೇ ಅಡ್ಡ ನಿಂತಿದ್ದನಂತೆ.

"ನಮ್ಮ ಓಣಿ ಪಾರ್ವತಮ್ಮನ್ನ ಕರದ್ರಿ. ನಂದೂ ಅದ ರಕ್ತಾನ. ನನ್ನದೇನು ನೀರೇನ್ರಿ?"

"ಮೊದಲು ಮಲಕೋ, ಆಮ್ಯಾಲೆ ಜಗಳ ಮಾಡು," ಎಂದು ಒಳಗೆ ತಳ್ಳಿದೆ.

ಡ್ರಾಯರು ನೋಡಿದರೆ ಅವನ ಚೀಟಿ ಅಲ್ಲೇ ಇತ್ತು. ಅದರ ಹಿಂದೆಯೇ ಬಂದೇನವಾಜ್. ಎರಡು ಚೀಟಿ ಹೊರಗೆ ಹೋದ ಮೇಲೆ ಸಾಲು ಮುಂದೆ ಸರಿದಿತ್ತು; ನಾವು ಎಣಿಸಿ ಬಿಟ್ಟ ಐದರಲ್ಲಿ ಇವರಿಬ್ಬರೂ ಸೇರಿಬಿಟ್ಟಿದ್ದರು.

"ಸಾಹೇಬ್ರ, ಎಣಿಸೂದು ಬ್ಯಾಡ್ರಿ. ಕೊನಿ ಹೆಸರು ಹಿಡದು ಮುಂದ ಹೋಗೂಣು," ಎಂದೆ ನಾನು.

"ಪಾರ್ವತಮ್ಮನ ಚೀಟಿನ ಇಲ್ಲಲ್ಲಬೇ?"

"ಚೀಟಿ ಇಲ್ಲದಿದ್ರ ಏನಾತ್ರಿ? ಅಕ್ಷರದ ಸಾಲಿನ್ಯಾಗ ಆಕಿ ಆದ ಮ್ಯಾಲೆ ಬರೂ ಹೆಸರು ಎಲ್ಲಿ ಹೋಗ್ತದ?"

ಸಾಹೇಬರು ನಗುತ್ತಲೇ ಬಂದೇನವಾಜನ ಕಾರ್ಡು ತೆಗೆದರು. ಅವನೂ ಬಂದ. ಸಂಜೆ ಯಲ್ಲಮ್ಮ ಕಣ್ಣು ಬಿಟ್ಟು ಗಂಜಿ ಕೇಳಿದಳು.

ಆ ಕೆಲಸ ಕಲಿಸಿದ್ದು ಇಷ್ಟೇ: ಎಷ್ಟು ಮಂದಿ ಆಯಿತೆಂದು ನೆನಪಿಡಬೇಡಿ, ಯಾರ ಹತ್ತಿರ ನಿಲ್ಲಿಸಿದಿರಿ ಎಂದು ನೆನಪಿಡಿ. ನಡುವೆ ಯಾರಾದರೂ ಎದ್ದು ಹೋದರೆ ಲೆಕ್ಕ ಕೆಡುತ್ತದೆ, ಹೆಸರು ಕೆಡುವುದಿಲ್ಲ.