ಮೋಳಿ ಚೇಚಿಯ ಏಳು ಬೀಸಣಿಗೆಗಳು
ಕಡಬದ ಚರ್ಚಿನಲ್ಲಿ ಯಾವ ಹೆಂಗಸಿನ ಮುಖ ಕೆಂಪೇರಿದರೂ, ಮಲಯಾಳದ ಮಾತಿನಲ್ಲಿ ಎಲ್ಲರಿಗೂ ‘ಚೇಚಿ’, ಅಂದರೆ ಅಕ್ಕ, ಆಗಿರುವ ಮೋಳಿ ಚೇಚಿಯವರು ರಣಕಹಳೆ ಕೇಳಿದ ಸೇನಾಪತಿಯಂತೆ ಎದ್ದು ನಿಲ್ಲುತ್ತಾರೆ. ಹಿಂದೆ ಅವರದೇ ಮುಖ ನಾಲ್ಕು ವರ್ಷ ಕೆಂಪೇರಿ, ಹೊಟ್ಟೆ ಕೆಟ್ಟು ಕೂತಾಗ, ಮುಟ್ಟು ನಿಲ್ಲುವ ಪ್ರಾಯವೆಂದು ಊರೇ ತೀರ್ಪು ಕೊಟ್ಟು, ಅಡಿಕೆ ಹಾಳೆಯ ಏಳು ಬೀಸಣಿಗೆಗಳನ್ನು ಕಾಣಿಕೆ ಒಪ್ಪಿಸಿತ್ತು. ಕೊನೆಗೆ ಸಿಕ್ಕಿದ್ದು ಕರುಳಿನಲ್ಲಿ ಅಡಗಿ ಹಾರ್ಮೋನು ಸುರಿಸುತ್ತಿದ್ದ ಗಡ್ಡೆ. ಈಗ ತಿಂಗಳಿಗೊಮ್ಮೆ ಪುತ್ತೂರಿನಲ್ಲಿ ಚುಚ್ಚುಮದ್ದು. ಪಕ್ಕದ ಕುರ್ಚಿಯಲ್ಲಿ ಅದೇ ಕಾಯಿಲೆಯ ದೇವದಾಸ ರೈಗಳು. "ಮುಖ ಕೆಂಪಾದದ್ದಕ್ಕೆ ನಿಮಗೆ ಕುಡಿತ ಅಂದ್ರು, ನನಗೆ ಪ್ರಾಯ ಅಂದ್ರು. ನೀವು ಕುಡಿಯುದಿಲ್ಲ ಅಂತ ಆಣೆ ಹಾಕಿ ಆರೇ ತಿಂಗಳಲ್ಲಿ ಗಡ್ಡೆ ಪತ್ತೆ ಮಾಡಿಸಿಕೊಂಡ್ರಿ. ನನಗೆ ಪ್ರಾಯ ಆಗ್ಲಿಲ್ಲ ಅಂತ ಆಣೆ ಹಾಕ್ಲಿಕ್ಕೆ ಉಂಟಾ ಮಾರಾಯ್ರೆ?" ಎಂದು ಚೇಚಿ ಪ್ರತಿ ಸಲವೂ ಅವರನ್ನು ಕುಟುಕುತ್ತಾರೆ. ಸೆಕೆಯೆಂದು ಬೀಸಣಿಗೆ ಕೇಳಿದ ಹೆಂಗಸರಿಗೆ ಅವರ ಕಟ್ಟಪ್ಪಣೆ ಒಂದೇ: "ಮೊದಲು ಪರೀಕ್ಷೆ, ಮತ್ತೆ ಗಾಳಿ!" ಹಾಗೆ ಆಸ್ಪತ್ರೆಗೆ ಎಳೆದೊಯ್ದ ಆರು ಮಂದಿಗೂ ಗಡ್ಡೆಯಿಲ್ಲ, ಬರೀ ಪ್ರಾಯವೇ ಎಂದು ಗೊತ್ತಾಗಿದೆ. ಮೊದಲ ಐವರಿಗೆ ವರದಿಯ ಬೆನ್ನಿಗೇ ಆ ಏಳರಲ್ಲಿ ಒಂದೊಂದು ಬೀಸಣಿಗೆಯೂ ಸಿಕ್ಕಿದೆ. ಆರನೆಯವಳಾದ ಲಿಸ್ಸಿ ಮೊನ್ನೆ, "ಈ ಸಲವೂ ಗಡ್ಡೆ ಸಿಗದೆ ಸೋತ್ರಲ್ಲಾ ಚೇಚಿ!" ಎಂದು ನಕ್ಕಳು. ಚೇಚಿ ಅವಳ ವರದಿಯನ್ನು ಎರಡೆರಡು ಸಲ ಓದಿ, ಕಣ್ಣೊರೆಸಿಕೊಂಡು, ಆರನೆಯ ಬೀಸಣಿಗೆಯಿಂದ ತಾವೇ ಅವಳಿಗೆ ಗಾಳಿ ಹಾಕತೊಡಗಿದರು.